ಗಾಡಿ ಬಂತು, ಕ್ಯಾರಿಯರ್ ಎಲ್ಲಿ?

ಮನೆಗೆ ಮೊದಲ ರೇಡಿಯೋ ಬಂದ ದಿನವನ್ನು ನೆನಪಿಗೆ ತಂದುಕೊಳ್ಳಿ. ನೀವು ಈಚಿನವರಾದರೆ ಮನೆಯ ಹಿರಿಯರನ್ನು ಕೇಳಿ ನೋಡಿ. ಅಂಗಡಿಯವನು ಪೆಟ್ಟಿಗೆಯನ್ನು ತಂದು ಮೇಜಿನ ಮೇಲಿಟ್ಟು ಹೋದಮೇಲೆ ಕೆಲಸ ಮುಗಿಯಲಿಲ್ಲ, ಅಲ್ಲಿಂದಲೇ ಮೊದಲಾಯಿತು. ಮಾಳಿಗೆಯ ಮೇಲೆ ಏರಿಯಲ್ ತಂತಿ ಕಟ್ಟಬೇಕು. ಧೂಳು ಕೂರದಂತೆ ಕಸೂತಿ ಹಾಕಿದ ಬಟ್ಟೆ ಹೊದಿಸಬೇಕು. ಮಕ್ಕಳ ಕೈಗೆ ಸಿಗದಷ್ಟು ಎತ್ತರದಲ್ಲಿ ಹಲಗೆ ಹೊಡೆಸಬೇಕು. ಮುಂದೆ ಟ್ರಾನ್ಸಿಸ್ಟರ್ ಬಂದಾಗ ಅದಕ್ಕೊಂದು ತೊಗಲಿನ ಚೀಲ, ಹೆಗಲಿಗೆ ಹಾಕಿಕೊಳ್ಳಲು ಪಟ್ಟಿ. ಕೊನೆಗೆ ಚೀಲವನ್ನೂ ಪಟ್ಟಿಯನ್ನೂ ಕಾರ್ಖಾನೆಯವರೇ ಸೇರಿಸಿ ಕೊಡುವಂತಾಯಿತು. ಜನ ಬೇಡಿದ್ದು ಹೀಗೆ ವಸ್ತುವಿನ ಅಂಗವೇ ಆಗಿಬಿಟ್ಟಿತು.

ವಾಹನದ ವಿಷಯವೂ ಇದಕ್ಕಿಂತ ಬೇರೆಯಲ್ಲ. ಈಗ ನಮ್ಮ ಊರುಗಳಿಗೆ ವಿದ್ಯುತ್ ಬೈಕು, ವಿದ್ಯುತ್ ಸ್ಕೂಟರುಗಳು ಬರುತ್ತಿವೆ. ಪೆಟ್ರೋಲಿನ ವಾಸನೆಯಿಲ್ಲ, ಹೊಗೆಯಿಲ್ಲ, ಸದ್ದೂ ಇಲ್ಲವೆನ್ನಬಹುದು. ಕೊಳ್ಳಲು ಹೊರಟವರು ಅಂಗಡಿಯಲ್ಲಿ ಕೇಳುವ ಪ್ರಶ್ನೆಗಳನ್ನು ಸ್ವಲ್ಪ ಹೊತ್ತು ನಿಂತು ಆಲಿಸಿದರೆ, ಅವು ಹೊಸ ಪ್ರಶ್ನೆಗಳಲ್ಲ, ಅಜ್ಜನ ಕಾಲದ ಪ್ರಶ್ನೆಗಳೇ ಎಂಬುದು ತಿಳಿಯುತ್ತದೆ. ಸಾಮಾನು ಎಲ್ಲಿಡಬೇಕು? ಹಿಂದೆ ಕೂತವರು ಎಲ್ಲಿ ಹಿಡಿದುಕೊಳ್ಳಬೇಕು? ದೀಪ ಎಷ್ಟು ದೂರ ಬೀಳುತ್ತದೆ? ದಾರಿಯಲ್ಲಿ ನಿಂತರೆ ಗತಿ ಏನು? ಈ ನಾಲ್ಕು ಪ್ರಶ್ನೆಗಳ ಚರಿತ್ರೆಯನ್ನು ನಿಮ್ಮೊಡನೆ ಹಂಚಿಕೊಳ್ಳಬೇಕೆಂದು ಈ ಲೇಖನ. ಚರಿತ್ರೆಯೆಂದರೆ ರಾಜರ ಕಾಳಗ ಮಾತ್ರವೇ? ಸೈಕಲ್ಲಿನ ಹಿಂದಿನ ಕ್ಯಾರಿಯರಿಗೂ ಒಂದು ಚರಿತ್ರೆ ಉಂಟು. ಅದು ನಮ್ಮ ಚರಿತ್ರೆಯೇ.

ಮಾತು ಗಾಳಿಯಲ್ಲಿ ತೇಲದಂತೆ ಒಂದು ಊರನ್ನು ಕಣ್ಣೆದುರಿಗೆ ಇಟ್ಟುಕೊಳ್ಳೋಣ. ಚಿತ್ರದುರ್ಗ ಜಿಲ್ಲೆಯ ಈಶಾನ್ಯದ ಮೂಲೆಯಲ್ಲಿ, ಮೊಳಕಾಲ್ಮೂರು ತಾಲ್ಲೂಕಿನಲ್ಲಿ, ರಾಂಪುರವಿದೆ. ಬಳ್ಳಾರಿಯಿಂದ ಚಳ್ಳಕೆರೆ, ಹಿರಿಯೂರುಗಳ ಕಡೆಗೆ ಇಳಿಯುವ ಹೆದ್ದಾರಿಯ ಮೇಲಿನ ಊರು. ಪಕ್ಕದಲ್ಲೇ ಆಂಧ್ರದ ಗಡಿ. ಇದೇ ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಬಿ. ಎಲ್. ರೈಸ್ ಅವರು 1892ರಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳನ್ನು ಕಂಡುಹಿಡಿದರು. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಬಂದ ರಾಜಾಜ್ಞೆ ಅದು. ಎಂದಮೇಲೆ, ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಈ ಬಂಡೆಗಳ ನಾಡಿನಲ್ಲಿ ಯಾರೋ ಒಬ್ಬ ಓಲೆಕಾರ ಹೊರೆ ಹೊತ್ತು ನಡೆದಿದ್ದಾನೆ.

ಇಂದಿಗೂ ಇದು ಹೊರೆಯ ನಾಡು. ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಹೆಸರನ್ನು ಕೇಳದವರಿಲ್ಲ. ಮಗ್ಗದ ಮನೆಯಿಂದ ಸೀರೆಯ ಗಂಟು, ಮಗ್ಗದ ಮನೆಗೆ ನೂಲಿನ ಗಂಟು ಹೋಗುತ್ತಲೇ ಇರಬೇಕು. ಚಳ್ಳಕೆರೆಯದು ಶೇಂಗಾ ಮತ್ತು ಎಣ್ಣೆ ಗಿರಣಿಗಳ ಖ್ಯಾತಿ. ಅಲ್ಲಿನ ಕಂಬಳಿಯೂ ಹೆಸರುವಾಸಿ. ಮಳೆ ಕಡಿಮೆಯಾದ ಸೀಮೆಯಾದ್ದರಿಂದ ನೀರಿನ ಕೊಡವೂ ಒಮ್ಮೊಮ್ಮೆ ಸವಾರಿ ಮಾಡುತ್ತದೆ. ಹಾಲಿನ ಕ್ಯಾನು, ಹಸಿ ಹುಲ್ಲಿನ ಹೊರೆ, ಗೊಬ್ಬರದ ಚೀಲ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಆಸ್ಪತ್ರೆಗೆ ಹೋಗುವ ಅಜ್ಜಿ, ಇವೆಲ್ಲ ಇಲ್ಲಿ ಎರಡು ಚಕ್ರದ ಮೇಲೆಯೇ ಸಾಗಬೇಕು. ಹೀಗಾಗಿ ಇಲ್ಲಿ ದ್ವಿಚಕ್ರ ವಾಹನವೆಂದರೆ ಎತ್ತಿಲ್ಲದ ಬಂಡಿ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಚರಿತ್ರೆಯ ಕಡೆಗೆ ತಿರುಗೋಣ.

ಎರಡು ಸಮ ಚಕ್ರಗಳ, ಹಿಂದಿನ ಚಕ್ರಕ್ಕೆ ಸರಪಳಿಯಿದ್ದ ಬೈಸಿಕಲ್ಲನ್ನು ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲೆ 1885ರಲ್ಲಿ ರೂಢಿಗೆ ತಂದ. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರನ್ನು ಕೊಟ್ಟ. ಅಲ್ಲಿಗೆ ಸೈಕಲ್ಲು ಪೂರ್ಣವಾಯಿತೆಂದು ಇಂಜಿನಿಯರು ತಿಳಿದಿರಬಹುದು; ಸವಾರ ಹಾಗೆ ತಿಳಿಯಲಿಲ್ಲ. ನಮ್ಮಲ್ಲಿ ಸೈಕಲ್ ಕೊಂಡವರು ಅಂಗಡಿಯ ಕಟ್ಟೆಯ ಮೇಲೆ ಕುಳಿತು ಒಂದೊಂದಾಗಿ ಜೋಡಿಸಿಕೊಂಡದ್ದನ್ನು ನೆನೆಯಿರಿ. ಗಂಟೆ, ದೀಪ, ಹಿಂದೊಂದು ಕ್ಯಾರಿಯರ್, ನಿಲ್ಲಿಸಲು ಸ್ಟ್ಯಾಂಡು, ಪಂಚೆ ಸಿಕ್ಕಿಕೊಳ್ಳದಂತೆ ಚೈನ್ ಕವರ್, ಸೀಟಿಗೆ ಮೆತ್ತನೆಯ ಹೊದಿಕೆ, ಚಕ್ರದ ಗುಂಬಕ್ಕೆ ಬಣ್ಣದ ಕುಚ್ಚು. ಕಡೆಯದೊಂದನ್ನು ಬಿಟ್ಟರೆ ಬೇರೆ ಯಾವುದೂ ಶೋಕಿಗಲ್ಲ. ಆ ಕುಚ್ಚೂ ಗುಂಬವನ್ನು ಒರೆಸುತ್ತ ಹೊಳಪಾಗಿಡುತ್ತಿತ್ತು ಎಂದು ವಾದಿಸುವವರು ಇದ್ದಾರೆ. ನಾನು ವಾದಕ್ಕೆ ಹೋಗುವುದಿಲ್ಲ.

ಇವುಗಳಲ್ಲಿ ದೀಪದ ಕಥೆ ಎಲ್ಲಕ್ಕಿಂತ ಸ್ವಾರಸ್ಯವಾದುದು. ಮೊದಲು ಎಣ್ಣೆ ದೀಪ. ಗಾಳಿ ಬೀಸಿದರೆ ಆರಿತು. ಆಮೇಲೆ ಕಾರ್ಬೈಡ್ ದೀಪ. ಕೆಳಗಿನ ಡಬ್ಬಿಯಲ್ಲಿ ಕಾರ್ಬೈಡಿನ ತುಂಡು, ಮೇಲಿನ ಡಬ್ಬಿಯಲ್ಲಿ ನೀರು. ನೀರು ಹನಿಹನಿಯಾಗಿ ಬಿದ್ದಂತೆ ಅಸಿಟಿಲೀನ್ ಅನಿಲ ಹುಟ್ಟಿ ಬೆಳ್ಳಗೆ ಉರಿಯುತ್ತಿತ್ತು. ಅದರ ನಾತ ಒಮ್ಮೆ ಮೂಗಿಗೆ ಹತ್ತಿದರೆ ಮರೆಯುವುದಲ್ಲ. ಅದರ ಮೇಲೆ ಬಂದದ್ದು ಡೈನಮೋ. ಟೈರಿನ ಪಕ್ಕಕ್ಕೆ ಒರಗಿ ಗಿರ್ರೆಂದು ತಿರುಗುವ ಪುಟ್ಟ ಶೀಸೆಯಂಥ ಯಂತ್ರ. ಸಾಮಾನ್ಯವಾಗಿ ಆರು ವೋಲ್ಟು, ಮೂರು ವಾಟು, ಹೆಚ್ಚೇನಲ್ಲ. ಆದರೆ ಎಣ್ಣೆಯೂ ಬೇಡ, ಕಾರ್ಬೈಡೂ ಬೇಡ. ನಿಲ್ಲಿಸಿದರೆ ದೀಪವೂ ನಿಂತಿತೆಂಬುದೊಂದೇ ದೋಷ. ಈ ಯಂತ್ರವನ್ನು ಚಕ್ರದ ಗುಂಬದೊಳಗೇ ಅಡಗಿಸಿದ ‘ಡೈನೋಹಬ್’ ಎಂಬುದನ್ನು ಇಂಗ್ಲೆಂಡಿನ ಸ್ಟರ್ಮಿ-ಆರ್ಚರ್ ಕಂಪನಿಯವರು 1936ರಲ್ಲಿ ತಂದರು.

ದೀಪವನ್ನು ಮೊದಲು ಕೇಳಿದವನು ಸವಾರ. ಅನಂತರ ಅದನ್ನೇ ಸವಾರನಿಂದ ಕೇಳಿದವನು ಪೋಲೀಸಿನವನು. ದೀಪವಿಲ್ಲದೆ ಕತ್ತಲೆಯಲ್ಲಿ ಹೋದರೆ, ಡಬಲ್ ಸವಾರಿ ಮಾಡಿದರೆ, ಪುರಸಭೆಯ ಬಿಲ್ಲೆ ಇಲ್ಲದಿದ್ದರೆ ಸೈಕಲ್ಲನ್ನು ತಡೆದು ನಿಲ್ಲಿಸುತ್ತಿದ್ದ ಕಾಲವನ್ನು ನಮ್ಮ ಪಟ್ಟಣಗಳ ಹಿರಿಯರು ಬಲ್ಲರು. ಹೀಗೆ ನಿನ್ನೆಯ ಬಯಕೆ ಇಂದಿನ ಕಾನೂನಾಯಿತು. ಈ ಮಾತನ್ನು ಗುರುತು ಹಾಕಿಕೊಳ್ಳಿ. ಮುಂದೆ ಮತ್ತೆ ಮತ್ತೆ ಬರುತ್ತದೆ.

ಇನ್ನೊಂದು ಸೋಜಿಗ ನೋಡಿ. ಡೈನಮೋದಲ್ಲಿ ಚಕ್ರ ತಿರುಗಿದರೆ ವಿದ್ಯುತ್ತು ಹುಟ್ಟುತ್ತದೆ. ವಿದ್ಯುತ್ ಬೈಕಿನಲ್ಲಿ ವಿದ್ಯುತ್ತು ಹರಿದರೆ ಚಕ್ರ ತಿರುಗುತ್ತದೆ. ಎರಡೂ ಒಂದೇ ಯಂತ್ರದ ಎರಡು ಮುಖ. ಅಷ್ಟೇ ಅಲ್ಲ, ಈಗಿನ ಅನೇಕ ವಿದ್ಯುತ್ ಗಾಡಿಗಳು ಇಳಿಜಾರಿನಲ್ಲಿ ವೇಗ ತಗ್ಗಿಸುವಾಗ ತಮ್ಮ ಮೋಟಾರನ್ನೇ ಡೈನಮೋ ಮಾಡಿಕೊಂಡು ಒಂದಿಷ್ಟು ಶಕ್ತಿಯನ್ನು ಬ್ಯಾಟರಿಗೆ ಹಿಂದಿರುಗಿಸುತ್ತವೆ. ಅಜ್ಜನ ಸೈಕಲ್ಲಿನ ಶೀಸೆ ಮೊಮ್ಮಗನ ಗಾಡಿಯಲ್ಲಿ ಮರುಹುಟ್ಟು ಪಡೆದಿದೆಯೆಂದರೆ ತಪ್ಪಾಗದು.

ಹಾಗಾದರೆ ವಿದ್ಯುತ್ ಬೈಕು ಇಷ್ಟು ತಡವಾಗಿ ಏಕೆ ಬಂತು? ನಿಜ ಹೇಳಬೇಕೆಂದರೆ ಅದು ತಡವಾಗಿ ಹುಟ್ಟಲಿಲ್ಲ, ತಡವಾಗಿ ಬೆಳೆಯಿತು. ಅಮೆರಿಕದ ಆಗ್ಡನ್ ಬೋಲ್ಟನ್ ಎಂಬುವನು ಹಿಂದಿನ ಚಕ್ರದ ಗುಂಬದಲ್ಲೇ ಮೋಟಾರನ್ನಿಟ್ಟು, ಚೌಕಟ್ಟಿನ ನಡುವೆ ಬ್ಯಾಟರಿ ತೂಗುಹಾಕಿದ ಬೈಸಿಕಲ್ಲಿಗೆ 1895ನೆಯ ಡಿಸೆಂಬರ್ 31ರಂದು ಪೇಟೆಂಟು ಪಡೆದ. ಇಂದಿನ ಎಷ್ಟೋ ವಿದ್ಯುತ್ ಗಾಡಿಗಳ ಹಿಂಚಕ್ರದಲ್ಲಿರುವುದು ಅದೇ ಏರ್ಪಾಡು. ಆದರೆ ಅಂದಿನ ಬ್ಯಾಟರಿ ಸೀಸದ್ದು. ಫ್ರಾನ್ಸಿನ ಪ್ಲಾಂಟೆ 1859ರಲ್ಲಿ ಕಂಡುಹಿಡಿದ ಈ ಸೀಸ-ಆಮ್ಲದ ಬ್ಯಾಟರಿ ನಂಬಿಕೆಗೆ ಅರ್ಹವಾದುದು, ಆದರೆ ಕಲ್ಲಿನಂತೆ ಭಾರ. ಹೊರೆ ಹೊರಬೇಕಾದ ಗಾಡಿ ತನ್ನ ಬ್ಯಾಟರಿಯನ್ನೇ ಹೊತ್ತು ದಣಿಯುತ್ತಿತ್ತು. ಹಗುರವಾದ ಲಿಥಿಯಂ-ಅಯಾನ್ ಬ್ಯಾಟರಿ 1991ರಲ್ಲಿ ಪೇಟೆಗೆ ಬಂತು. ಅದರ ಹಿಂದಿನ ಸಂಶೋಧನೆಗೆ ಗುಡ್‌ಎನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಎಂಬ ಮೂವರಿಗೆ 2019ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಮೊದಲು ಕಿಸೆಯ ದೂರವಾಣಿಯನ್ನು ನಡೆಸಿದ ಈ ಬ್ಯಾಟರಿಯೇ ಇಂದು ಗಾಡಿಯನ್ನೂ ನಡೆಸುತ್ತಿದೆ.

ಈ ನಡುವಿನ ಕಾಲವನ್ನು ಪೆಟ್ರೋಲು ಆಳಿತು. ನಮ್ಮ ನಾಡಿಗೆ ಸಂಬಂಧಿಸಿದಂತೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯನ್ನು ನೆನೆಯದಿರಲಾಗದು. ಚೆಕೊಸ್ಲೊವಾಕಿಯಾದ ಜಾವಾ ಬೈಕನ್ನು 1961ರಿಂದ ಅಲ್ಲಿ ತಯಾರಿಸತೊಡಗಿದರು. 1973ರಿಂದ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತು. ಕಿಕ್ ಹೊಡೆಯುವ ಸನ್ನೆಯೇ ಗೇರ್ ಹಾಕುವ ಸನ್ನೆಯೂ ಆಗಿದ್ದ ಆ ಬೈಕಿನ ಚಮತ್ಕಾರವನ್ನು ಓಡಿಸಿದವರು ಇಂದಿಗೂ ಕೊಂಡಾಡುತ್ತಾರೆ. ಟ್ಯಾಂಕಿನ ಎರಡು ಬದಿಗೂ ಮೊಣಕಾಲಿಗೆ ರಬ್ಬರ್ ಮೆತ್ತೆ ಇತ್ತು. ಸವಾರನ ಸುಖವನ್ನು ತಯಾರಿಸಿದವರು ಯೋಚಿಸಿದ್ದರು. ಆದರೆ ಹಿಂದೆ ಒಂದೇ ಪಕ್ಕಕ್ಕೆ ಕಾಲಿಳಿಬಿಟ್ಟು, ಸೀರೆ ಉಟ್ಟು ಕೂರುವವರ ಗತಿಯನ್ನು ಯುರೋಪಿನಲ್ಲಿ ಬೈಕು ರೂಪಿಸಿದವರು ಯೋಚಿಸುವುದಾದರೂ ಹೇಗೆ?

ಆ ಯೋಚನೆ ಬಂದದ್ದು ಇಲ್ಲಿಯ ಮನೆಗಳಿಂದ. ಸೆರಗು ಚಕ್ರದ ಕಡ್ಡಿಗೆ ಸಿಕ್ಕಿ ಬಿದ್ದವರ ಸುದ್ದಿ ಕೇಳಿ ಕೇಳಿ, ಹಿಂಚಕ್ರದ ಪಕ್ಕಕ್ಕೆ ಕಬ್ಬಿಣದ ಜಾಲರಿ ಕಟ್ಟಿಸುವ ವಾಡಿಕೆ ಬೆಳೆಯಿತು. ಅದೇ ಸ್ಯಾರಿ ಗಾರ್ಡ್. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 123ನೆಯ ನಿಯಮವಾಗಿ ಇದೇ ಸಂಗತಿ ಸೇರಿತು: ಹಿಂದೆ ಕೂತವರಿಗೆ ಕೈಹಿಡಿ ಇರಬೇಕು, ಕಾಲಿಡಲು ಆಸರೆ ಇರಬೇಕು, ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದ ಭಾಗವನ್ನು ಮುಚ್ಚುವ ರಕ್ಷಣೆ ಇರಬೇಕು. ನೋಡಿ, ಮನೆಯ ಹೆಣ್ಣುಮಕ್ಕಳ ಸೆರಗಿನ ಚಿಂತೆ ದೇಶದ ನಿಯಮದಲ್ಲಿ ಬಂದು ಕುಳಿತಿದೆ. ಈ ವಸ್ತುವನ್ನು ‘ಹೆಚ್ಚುವರಿ ಸಾಮಾನು’ ಎಂದು ಯಾರಾದರೂ ಪಟ್ಟಿ ಮಾಡಿ ಹಣ ಕೇಳಿದರೆ ಈ ನಿಯಮದ ಸಂಖ್ಯೆಯನ್ನು ನೆನಪಿಸಿಕೊಡಿ.

ಎಲ್ಲ ಬಯಕೆಯೂ ಹೀಗೆ ನೆಲೆ ನಿಲ್ಲುತ್ತದೆಂದೇನೂ ಅಲ್ಲ. ಹಳೆಯ ಸ್ಕೂಟರಿನ ಬೆನ್ನಿಗೆ ಸ್ಟೆಪ್ನಿ ಚಕ್ರವೊಂದು ಅಂಟಿಕೊಂಡಿರುತ್ತಿತ್ತು. ಅದಿಲ್ಲದೆ ಮನೆ ಬಿಡಲು ಹೆದರುತ್ತಿದ್ದರು. ಟ್ಯೂಬಿಲ್ಲದ ಟೈರು ಬಂತು; ಮೊಳೆ ಹೊಕ್ಕರೂ ಗಾಳಿ ನಿಧಾನವಾಗಿ ಇಳಿಯುವುದರಿಂದ ಪಂಕ್ಚರ್ ಅಂಗಡಿ ಮುಟ್ಟುವ ಧೈರ್ಯ ಬಂತು; ಸ್ಟೆಪ್ನಿ ಮೆಲ್ಲಗೆ ಮರೆಯಾಯಿತು. ಬೇಕು ಎಂಬುದರ ಕಾರಣ ಹೋದರೆ ಬೇಕು ಎಂಬುದೂ ಹೋಗುತ್ತದೆ. ಆದರೆ ಹೊರೆಯ ಕಾರಣ ಹೋಗಲಿಲ್ಲ. 1972ರಲ್ಲಿ ಲೂನಾ ಬಂತು. 1980ರಲ್ಲಿ ನಮ್ಮ ಗಡಿಯಾಚೆಯ ಹೊಸೂರಿನಿಂದ ಟಿ.ವಿ.ಎಸ್. 50 ಬಂತು, ಇಬ್ಬರು ಕೂರಬಹುದಾದ ಮೊಪೆಡ್ ನಮ್ಮ ದೇಶದಲ್ಲಿ ಅದೇ ಮೊದಲನೆಯದು. ಇವುಗಳ ಎಂಜಿನ್ನು ಸಣ್ಣದು, ವೇಗ ಸಾಧಾರಣ. ಆದರೂ ಹಳ್ಳಿಗಳು ಇವನ್ನು ಒಪ್ಪಿಕೊಂಡವು. ಮುಂದೆ ಕಾಲಿನ ಬಳಿ ಚೀಲ ನಿಲ್ಲಿಸಬಹುದು, ಹಿಂದೆ ಹಲಗೆ ಕಟ್ಟಬಹುದು, ಹಳೆಯ ಟ್ಯೂಬಿನ ಪಟ್ಟಿಯಿಂದ ಏನನ್ನು ಬೇಕಾದರೂ ಬಿಗಿಯಬಹುದು. ಅಂದವಲ್ಲ, ಜಾಗ ಗೆದ್ದಿತು.

ಈಗ ವಿದ್ಯುತ್ ಗಾಡಿಗೆ ಬರೋಣ. ಇದರ ಚರಿತ್ರೆಯಲ್ಲಿ ಕರ್ನಾಟಕದ ಪಾಲು ದೊಡ್ಡದು. ಬೆಂಗಳೂರಿನಲ್ಲಿ 2001ರಲ್ಲಿಯೇ ರೇವಾ ಎಂಬ ಪುಟ್ಟ ವಿದ್ಯುತ್ ಕಾರು ರಸ್ತೆಗಿಳಿಯಿತು. ವಿದ್ಯುತ್ ವಾಹನಗಳಿಗಾಗಿಯೇ ಒಂದು ನೀತಿಯನ್ನು 2017ರಲ್ಲಿ ಪ್ರಕಟಿಸಿ, ಹಾಗೆ ಮಾಡಿದ ಮೊದಲ ರಾಜ್ಯವೆಂಬ ಹೆಸರನ್ನು ನಮ್ಮ ರಾಜ್ಯ ಪಡೆಯಿತು. 2013ರಲ್ಲಿ ಸ್ಥಾಪಿತವಾದ ಏಥರ್ ಎಂಬ ಕಂಪನಿ ತನ್ನ ಮೊದಲ ಸ್ಕೂಟರನ್ನು 2018ರಲ್ಲಿ ಬೆಂಗಳೂರಿನಲ್ಲಿ ಮಾರಾಟಕ್ಕಿಟ್ಟಿತು. ಅದರ ಮುಂದೆ ಬೆರಳಿನಿಂದ ಮುಟ್ಟಿ ನಡೆಸುವ ಪರದೆ. ಆ ಪರದೆಯ ಮೇಲೆ ದಾರಿಯ ನಕ್ಷೆ. ಇಕ್ಕಟ್ಟಿನ ಜಾಗದಲ್ಲಿ ಹಿಂದಕ್ಕೆ ಸರಿಯುವ ಸೌಕರ್ಯ. ಬೆಂಗಳೂರಿನ ಕಚೇರಿಗಳಿಗೆ ಹೋಗುವ ಯುವಕರ ಬಯಕೆಗಳು ಇವು. ಬೇಡವೆನ್ನುವಂಥವಲ್ಲ. ಭಾರದ ಗಾಡಿಯನ್ನು ಹಿಂದಕ್ಕೆ ತಳ್ಳಿ ಸೊಂಟ ಹಿಡಿದುಕೊಂಡವರಿಗೆ ಹಿಂದಕ್ಕೆ ಸರಿಯುವ ಸೌಕರ್ಯದ ಬೆಲೆ ಗೊತ್ತು.

ಆದರೆ ಮುಂದಿನ ಐದಾರು ವರ್ಷಗಳಲ್ಲಿ ಏನಾಯಿತೆಂಬುದು ಗಮನಿಸಬೇಕಾದದ್ದು. ಬೆಂಗಳೂರಿನ ರಿವರ್ ಎಂಬ ಇನ್ನೊಂದು ಕಂಪನಿ 2023ರಲ್ಲಿ ತಂದ ಸ್ಕೂಟರಿನಲ್ಲಿ ಸೀಟಿನ ಕೆಳಗೆ 43 ಲೀಟರಿನಷ್ಟು ಜಾಗ. ಎರಡು ಪಕ್ಕಕ್ಕೂ ಪೆಟ್ಟಿಗೆ ತೂಗುಹಾಕಲು ಕಂಬಿ. ಏಥರ್‌ನವರೇ 2024ರಲ್ಲಿ ಕುಟುಂಬಕ್ಕೆಂದು ಬೇರೊಂದು ಸ್ಕೂಟರು ತಂದರು. ಅದರ ಹೆಗ್ಗಳಿಕೆ ಉದ್ದನೆಯ ಸೀಟು, ಸೀಟಿನ ಕೆಳಗೆ 34 ಲೀಟರು ಜಾಗ, ಹಿಂದೆ ಕೂತವರಿಗೆ ಬೆನ್ನಾಸರೆ. ಅದೇ 2024ರ ಫೆಬ್ರವರಿಯಲ್ಲಿ ಲೂನಾ ವಿದ್ಯುತ್ತಿನ ಮೇಲೆ ಮತ್ತೆ ಹುಟ್ಟಿ ಬಂತು. ಅದರ ಜಾಹೀರಾತಿನಲ್ಲಿ ಎದ್ದು ಕಂಡದ್ದು ವೇಗವಲ್ಲ, 150 ಕಿಲೋ ಹೊರುವ ಶಕ್ತಿ ಮತ್ತು ಬಿಚ್ಚಿಡಬಹುದಾದ ಹಿಂದಿನ ಸೀಟು. ಪರದೆಯಿಂದ ಹೊರಟ ಕಥೆ ಸುತ್ತಿ ಬಳಸಿ ಕ್ಯಾರಿಯರಿಗೇ ಬಂದು ನಿಂತಿತು! ಸವಾರರು ಕೇಳಿದರು, ತಯಾರಿಸಿದವರು ಕಿವಿಗೊಟ್ಟರು.

ಕೇಳುವುದು ಅವಶ್ಯಕವೆಂಬುದಕ್ಕೆ ಇನ್ನೊಂದು ನಿದರ್ಶನ. ಗಾಡಿಯೊಂದಿಗೆ ಚಾರ್ಜರ್ ಬರುತ್ತದೆ. ಗೋಡೆಯ ಪ್ಲಗ್ಗಿನಿಂದ ಬ್ಯಾಟರಿಗೆ ವಿದ್ಯುತ್ತು ತುಂಬುವ ಪೆಟ್ಟಿಗೆ. ಇದು ಗಾಡಿಯ ಅಂಗವೋ, ಹೆಚ್ಚುವರಿ ಸಾಮಾನೋ? ಪ್ರಶ್ನೆ ತಮಾಷೆಯದಾಗಿ ಕಾಣಬಹುದು. ಆದರೆ ಕೋಟಿಗಟ್ಟಲೆ ರೂಪಾಯಿಯ ಪ್ರಶ್ನೆಯಾಯಿತು. ಕೇಂದ್ರ ಸರ್ಕಾರದ ಸಹಾಯಧನ ಒಂದೂವರೆ ಲಕ್ಷ ರೂಪಾಯಿಯ ಕಾರ್ಖಾನೆ ಬೆಲೆಗೆ ಮೀರದ ದ್ವಿಚಕ್ರ ವಾಹನಗಳಿಗೆ ಮಾತ್ರ ಸಲ್ಲುತ್ತಿತ್ತು. ಕೆಲವು ಕಂಪನಿಗಳು ಚಾರ್ಜರಿಗೆ ಬೇರೆ ಬಿಲ್ಲು ಹಾಕಿ, ಗಾಡಿಯ ಬೆಲೆಯನ್ನು ಆ ಮಿತಿಯೊಳಗೆ ತೋರಿಸಿದವು ಎಂಬ ಆಕ್ಷೇಪಣೆ ಬಂತು. ಸರ್ಕಾರ ವಿಚಾರಣೆ ನಡೆಸಿತು. 2023ರ ಮೇ ತಿಂಗಳಲ್ಲಿ ದೇಶದ ನಾಲ್ಕು ಕಂಪನಿಗಳು ಗ್ರಾಹಕರಿಗೆ ಚಾರ್ಜರಿನ ಹಣವನ್ನು ಹಿಂದಿರುಗಿಸಲು ಒಪ್ಪಿದವು. ಬಂಡಿ ಮಾರಿ ಚಕ್ರಕ್ಕೆ ಬೇರೆ ಬೆಲೆ ಕೇಳಿದಂತೆ ಇದು. ಅಂಗ ಯಾವುದು, ಆಭರಣ ಯಾವುದು ಎಂಬ ವಿವೇಕ ಕೊಳ್ಳುವವರಿಗೆ ಇರಬೇಕೆಂಬುದನ್ನು ಈ ಪ್ರಸಂಗ ಕಲಿಸಿತು.

ಕಣ್ಣಿಗೆ ಕಾಣದ ಸೌಕರ್ಯಗಳೂ ಉಂಟು. ಅವನ್ನು ಅಂಗಡಿಯಲ್ಲಿ ಕೇಳುವವರು ಕಡಿಮೆ. 2022ರ ಬೇಸಿಗೆಯಲ್ಲಿ ದೇಶದ ಹಲವೆಡೆ ವಿದ್ಯುತ್ ಸ್ಕೂಟರುಗಳಿಗೆ ಬೆಂಕಿ ಹತ್ತಿ ಜೀವಹಾನಿಯೂ ಆಯಿತು. ಆಮೇಲೆ ತಜ್ಞರ ಸಮಿತಿ ಕುಳಿತು, ಬ್ಯಾಟರಿಯ ಸುರಕ್ಷತೆಯ ನಿಯಮಗಳನ್ನು ಬಿಗಿಗೊಳಿಸಿದರು. ಅವು 2022ರ ಡಿಸೆಂಬರ್ ಹಾಗೂ 2023ರ ಮಾರ್ಚ್, ಹೀಗೆ ಎರಡು ಹಂತಗಳಲ್ಲಿ ಜಾರಿಗೆ ಬಂದವು. ಪೆಟ್ರೋಲ್ ಬೈಕುಗಳಿಗಾದರೆ 2017ರ ಏಪ್ರಿಲ್‌ನಿಂದ ಎಂಜಿನ್ನಿನೊಡನೆಯೇ ಹೊತ್ತಿಕೊಳ್ಳುವ ಮುಂದೀಪವೂ, 2019ರ ಏಪ್ರಿಲ್‌ನಿಂದ ಸುಧಾರಿಸಿದ ಬ್ರೇಕಿನ ಏರ್ಪಾಡೂ ಕಡ್ಡಾಯವಾದವು. ಹಿಂದೆ ದೀಪಕ್ಕಾದ ಕಥೆಯೇ ಇದು. ಆದರೆ ಬ್ಯಾಟರಿಯ ವಿಷಯದಲ್ಲಿ ಕೇಳುವ ಮೊದಲೇ ಕೆಲವರು ಬೆಲೆ ತೆರಬೇಕಾಯಿತೆಂಬುದು ವ್ಯಸನದ ಸಂಗತಿ.

ಸರಿ, ಈಗ ರಾಂಪುರದ ಮನೆಯೊಂದರಲ್ಲಿ ವಿದ್ಯುತ್ ಬೈಕು ಕೊಳ್ಳುವ ಮಾತು ನಡೆದಿದೆಯೆಂದು ಇಟ್ಟುಕೊಳ್ಳಿ. ಕಾಲೇಜಿಗೆ ಹೋಗುವ ಮಗನಿಗೆ ಪರದೆ ಬೇಕು, ಬಣ್ಣಬಣ್ಣದ ದೀಪ ಬೇಕು. ನೇಯ್ಗೆ ಮಾಡುವ ತಂದೆಗೆ ಸೀರೆಯ ಗಂಟು ಮಡಿಕೆ ಕೆಡದೆ ಕೂರುವ ಜಾಗ ಬೇಕು. ತಾಯಿಗೆ ಕಾಲಿಡುವ ಹಲಗೆ, ಹಿಡಿದುಕೊಳ್ಳಲು ಕಂಬಿ, ಸ್ಯಾರಿ ಗಾರ್ಡ್ ಬೇಕು. ಅಜ್ಜ ಮೂಲೆಯಿಂದ ಕೇಳುತ್ತಾನೆ: “ಅಲ್ಲಪ್ಪಾ, ಬಳ್ಳಾರಿಗೆ ಹೋಗಿ ವಾಪಸ್ಸು ಬರ್ತದೇನು ಅದು?” ಎಲ್ಲಕ್ಕಿಂತ ಹಿರಿಯ ಪ್ರಶ್ನೆ ಅಜ್ಜನದೇ.

ಅಜ್ಜನ ಪ್ರಶ್ನೆಗೆ ಲೆಕ್ಕದಿಂದ ಉತ್ತರ ಹೇಳಬಹುದು. ಮೂರು ಯೂನಿಟ್ಟು ಹಿಡಿಯುವ ಬ್ಯಾಟರಿ ಎಂದುಕೊಳ್ಳಿ. ತುಂಬುವಾಗ ಒಂದಿಷ್ಟು ಸೋರಿಹೋಗುವುದರಿಂದ ಮೀಟರಿನಲ್ಲಿ ಮೂರೂವರೆ ಯೂನಿಟ್ಟಿನಷ್ಟು ಓಡಬಹುದು. ಒಬ್ಬರೇ ಹದವಾಗಿ ಓಡಿಸಿದರೆ ಸುಮಾರು ನೂರು ಕಿಲೋಮೀಟರು. ಇಬ್ಬರು ಕೂತು, ಗಂಟು ಕಟ್ಟಿ, ಬಯಲಿನ ಎದುರು ಗಾಳಿಯಲ್ಲಿ ವೇಗವಾಗಿ ಹೋದರೆ ಅದರಲ್ಲಿ ಗಣನೀಯ ಭಾಗ ಕಡಿಮೆಯಾಗುತ್ತದೆ. ಆದ್ದರಿಂದ ಕಾಗದದ ಮೇಲೆ ಬರೆದ ದೂರವನ್ನು ನಂಬದೆ, ನಿಮ್ಮ ಹೊರೆಯೊಡನೆ ಒಮ್ಮೆ ಓಡಿಸಿ ನೋಡಬೇಕೆಂದು ಕೇಳಿ. ರಾಜ್ಯದಲ್ಲಿ ಚಾರ್ಜಿಂಗ್ ಕೇಂದ್ರಗಳ ಏರ್ಪಾಡಿಗೆ ನಿಯುಕ್ತವಾದ ಸಂಸ್ಥೆ ಬೆಸ್ಕಾಂ. ರಾಂಪುರಕ್ಕೆ ವಿದ್ಯುತ್ತು ಒದಗಿಸುವುದೂ ಅದೇ. ಬೆಂಗಳೂರಿನ ಬೀದಿಗೆ ಏನನ್ನು ಕೇಳುತ್ತಾರೋ ಅದನ್ನು ಈ ಹೆದ್ದಾರಿಗೂ ಕೇಳುವ ಹಕ್ಕು ಇಲ್ಲಿಯವರಿಗೆ ಉಂಟು.

ಎರಡನೆಯದು, ಮನೆಯ ಪ್ಲಗ್ಗು. ಗಾಡಿಯ ಜೊತೆಗೆ ಏನೇನು ಕೊಳ್ಳಬೇಕೆಂದು ಪಟ್ಟಿ ಮಾಡುವವರು ಎಲ್ಲಕ್ಕೂ ಮೇಲೆ ‘ಒಳ್ಳೆಯ ಅರ್ತಿಂಗ್’ ಎಂದು ಬರೆದುಕೊಳ್ಳಲಿ. ಹಳೆಯ ಮನೆಗಳಲ್ಲಿ ಮೂರು ರಂಧ್ರದ ಪ್ಲಗ್ಗು ಇದ್ದರೂ ಮೂರನೆಯ ರಂಧ್ರದ ಹಿಂದೆ ತಂತಿಯೇ ಇಲ್ಲದಿರುವುದುಂಟು. ಗಂಟೆಗಟ್ಟಲೆ ವಿದ್ಯುತ್ತು ಹರಿಯುವ ಕಡೆ ಇದು ಜೀವಕ್ಕೆ ಸಂಬಂಧಿಸಿದ ವಿಷಯ. ತಿಳಿದ ಕೆಲಸಗಾರನಿಂದ ಬೇರೆಯಾಗಿ ತಂತಿ ಎಳೆಸಿ. ನಮ್ಮ ಸೀಮೆಯ ಬಿಸಿಲಿನಲ್ಲಿ ದೂರದಿಂದ ಬಂದ ಗಾಡಿಯನ್ನು ಕೂಡಲೇ ಚಾರ್ಜಿಗೆ ಹಾಕದೆ, ನೆರಳಿನಲ್ಲಿ ಸ್ವಲ್ಪ ಹೊತ್ತು ಆರಲು ಬಿಡಿ. ಶಾಖ ಬ್ಯಾಟರಿಯ ಆಯುಸ್ಸನ್ನು ತಿನ್ನುತ್ತದೆ. ಮಾಳಿಗೆಯ ಮನೆಯವರಾದರೆ ಕಳಚಿ ಒಯ್ಯಬಹುದಾದ ಬ್ಯಾಟರಿಯ ಗಾಡಿಯನ್ನು ವಿಚಾರಿಸಿ.

ಮೂರನೆಯದು ಹೊರೆ. ಬೈಕಿನ ಹಿಂದೆ ಕಟ್ಟುವ ಪೆಟ್ಟಿಗೆಗೆ 2020ರಲ್ಲಿ ಅಳತೆಯನ್ನು ಗೊತ್ತುಮಾಡಿದ್ದಾರೆ: ಉದ್ದ 550, ಅಗಲ 510, ಎತ್ತರ 500 ಮಿಲಿಮೀಟರುಗಳಿಗೆ ಮೀರಬಾರದು. ಕ್ಯಾರಿಯರನ್ನು ಬೆಸುಗೆಯವನ ಬಳಿ ಮಾಡಿಸುವುದು ನಮ್ಮಲ್ಲಿ ವಾಡಿಕೆ. ಆದರೆ ವಿದ್ಯುತ್ ಗಾಡಿಯ ಚೌಕಟ್ಟಿಗೆ ಬೆಸುಗೆ ಹಾಕಿಸುವ ಮುನ್ನ, ಕಂಪನಿಯವರೇ ತೂತು ಬಿಟ್ಟು ತಿರುಪು ಹಾಕಲು ಜಾಗ ಕೊಟ್ಟಿದ್ದಾರೆಯೇ ನೋಡಿ. ಬೆಸುಗೆಯ ಕಿಡಿಗೂ ಬ್ಯಾಟರಿಗೂ ಸ್ನೇಹವಿಲ್ಲ.

ನಾಲ್ಕನೆಯದು ಸದ್ದು. ಅಲ್ಲ, ಸದ್ದಿಲ್ಲದಿರುವುದು. ಪೆಟ್ರೋಲ್ ಬೈಕಿನ ಗಲಾಟೆಗೆ ಅಭ್ಯಾಸವಾದ ಬೀದಿಯ ಮಕ್ಕಳು, ವಯಸ್ಸಾದವರು, ದನಕರುಗಳು ಹಿಂದಿನಿಂದ ಮೆಲ್ಲಗೆ ಬರುವ ವಿದ್ಯುತ್ ಗಾಡಿಯನ್ನು ಅರಿಯುವುದಿಲ್ಲ. ಸೈಕಲ್ಲಿನ ಕಾಲದಲ್ಲಿ ಗಂಟೆ ಏಕೆ ಬೇಕಾಯಿತೋ ಅದೇ ಕಾರಣ ನೂರು ವರ್ಷಗಳ ಮೇಲೆ ಮರಳಿ ಬಂದಿದೆ. ಕಿವಿಗಡಚಿಕ್ಕುವ ಹಾರ್ನು ಬೇಡ. ದೂರದಿಂದಲೇ ಮೃದುವಾಗಿ ಎಚ್ಚರಿಸುವ ಅಭ್ಯಾಸ ಬೇಕು. ಇಂಥ ಅಭ್ಯಾಸವನ್ನು ಯಾವ ಅಂಗಡಿಯೂ ಮಾರುವುದಿಲ್ಲ.

ಇನ್ನೊಂದು ಸೂಚನೆ. ಮೋಟಾರಿನ ಶಕ್ತಿ 250 ವಾಟಿಗಿಂತ ಕಡಿಮೆ, ವೇಗ ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆ, ಬ್ಯಾಟರಿ ಬಿಟ್ಟು ತೂಕ 60 ಕಿಲೋ ಮೀರದಿದ್ದರೆ ಅಂಥ ಗಾಡಿಯನ್ನು ಕಾನೂನು ಮೋಟಾರು ವಾಹನವೆಂದು ಎಣಿಸುವುದಿಲ್ಲ. ನೋಂದಣಿ, ಲೈಸೆನ್ಸು ಬೇಕಿಲ್ಲ. ಉಳಿದುವಕ್ಕೆಲ್ಲ ಬೇಕು. ‘ಲೈಸೆನ್ಸು ಬೇಡ’ ಎಂಬ ಮಾತಿಗೆ ಮರುಳಾಗಿ ಶಾಲೆಯ ಹುಡುಗನ ಕೈಗೆ ವೇಗದ ಗಾಡಿ ಕೊಟ್ಟವರು ಪಶ್ಚಾತ್ತಾಪಪಡಬೇಕಾದೀತು. ಮತ್ತೆ, ತಲೆಗೆ ಹೆಲ್ಮೆಟ್ಟು: ಓಡಿಸುವವರಿಗೂ ಹಿಂದೆ ಕೂತವರಿಗೂ. ಗಾಡಿಯ ಮೇಲೆ ಒಂದೂವರೆ ಲಕ್ಷ ಸುರಿದು ಎರಡನೆಯ ಹೆಲ್ಮೆಟ್ಟಿಗೆ ಚೌಕಾಸಿ ಮಾಡುವುದು ಜಾಣತನವೇನಲ್ಲ.

ನೀವು ಕೇಳಬಹುದು: ನಮ್ಮ ಊರಿನ ಒಂದು ಮನೆಯವರು ಕೇಳಿದರೆ ದೂರದ ಕಾರ್ಖಾನೆಗೆ ಕೇಳಿಸೀತೆ? ಕೇಳಿಸಿದೆ. ಸೆರಗಿನ ಚಿಂತೆ ಕೇಳಿಸಿತು, ಹೊರೆಯ ಚಿಂತೆ ಕೇಳಿಸಿತು, ಚಾರ್ಜರಿನ ತಕರಾರೂ ಕೇಳಿಸಿತು. ಅಂಗಡಿಯವನು ‘ಇಷ್ಟೇ ಬರುವುದು’ ಎಂದಾಗ ಸುಮ್ಮನಾದರೆ ಮಾತ್ರ ಕೇಳಿಸುವುದಿಲ್ಲ. ಹೀಗೆ ಸುಮ್ಮನಿದ್ದವರ ಪಾಲಿಗೆ ಬೇರೆ ಊರಿನವರು ಕೇಳಿದ ಗಾಡಿಯೇ ಬರುತ್ತದೆ.

ಮುಂದಿನ ಆಯುಧಪೂಜೆಗೆ ರಾಂಪುರದ ಎಷ್ಟು ಮನೆಗಳ ಮುಂದೆ ವಿದ್ಯುತ್ ಬೈಕು ಮಲ್ಲಿಗೆಯ ಹಾರ ಹಾಕಿಕೊಂಡು, ಚಕ್ರದಡಿಯಲ್ಲಿ ನಿಂಬೆಹಣ್ಣು ಇಟ್ಟುಕೊಂಡು ನಿಲ್ಲುತ್ತದೋ ನೋಡೋಣ. ಪೂಜೆ ಮುಗಿದ ಮೇಲೆ ಮನೆಯವರೆಲ್ಲ ಅದರ ಸುತ್ತ ನಿಂತಾಗ, ಮಗ ಪರದೆಯನ್ನು ಮುಟ್ಟಲಿ, ಬೇಡವೆನ್ನಬೇಡಿ. ಆದರೆ ತಾಯಿಯನ್ನು ಹಿಂದೆ ಕೂರಿಸಿ ಕಾಲಿಗೆ ಹಲಗೆ ಎಟಕುತ್ತದೆಯೇ ಕೇಳಿ. ತಂದೆಯ ಕೈಯಲ್ಲಿ ಗಂಟು ಕೊಟ್ಟು ಎಲ್ಲಿಡುತ್ತಾನೆ ನೋಡಿ. ಅದಕ್ಕೆ ಜಾಗ ಸಿಗದಿದ್ದರೆ ಅಂಗಡಿಗೆ ಹಿಂದಿರುಗಿ, ನಮ್ಮ ಹಿರಿಯರು ಸೈಕಲ್ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಕೇಳಿದಂತೆಯೇ ನೀವೂ ಕೇಳಿ: “ಗಾಡಿ ಬಂತು, ಸರಿ. ಕ್ಯಾರಿಯರ್ ಎಲ್ಲಿ?”